ವರ್ಕ್‌ಫ್ಲೋ ಉದಾಹರಣೆಯಲ್ಲಿ ಪ್ರತಿ ಅನುಮತಿಗೂ ಒಂದು ಕಾರಣ

ಗಿಟ್‌ಹಬ್‌ನಲ್ಲಿಟ್ಟ ಕೋಡಿನ ಪರೀಕ್ಷೆ, ರಿಲೀಸ್‌ನಂಥ ಕೆಲಸಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ ಗಿಟ್‌ಹಬ್ ಆಕ್ಷನ್ಸ್. ಅದಕ್ಕಾಗಿ ಒಂದು ಆಕ್ಷನ್ (ಬೇರೆಯವರೂ ಬಳಸಬಹುದಾದ ಸಿದ್ಧ ತುಣುಕು) ಬರೆದು ಹಂಚಿದರೆ, ಬಳಸುವವರಲ್ಲಿ ಹೆಚ್ಚಿನವರು ನೋಡುವುದು ಅದರ ಪರಿಚಯದ ಪುಟವಾದ ರೀಡ್‌ಮಿಯಲ್ಲಿರುವ ಮೊದಲ ಉದಾಹರಣೆಯನ್ನು ಮಾತ್ರ. ಅದನ್ನು ನಕಲು ಮಾಡಿ ತಮ್ಮ ರೆಪೊಗೆ (ಪ್ರಾಜೆಕ್ಟಿನ ಕೋಡ್ ಇರುವ ಜಾಗಕ್ಕೆ) ಅಂಟಿಸುತ್ತಾರೆ. ಆ ಹದಿನೈದಿಪ್ಪತ್ತು ಸಾಲುಗಳಲ್ಲಿ ಅನುಮತಿಯ ಸಾಲುಗಳು ಇಲ್ಲದಿರಬಹುದು, ಬೇಕಾದ್ದಕ್ಕಿಂತ ಹೆಚ್ಚಿರಬಹುದು. ಒಮ್ಮೆ ಹಸಿರು ಟಿಕ್ ಬಿದ್ದ ಮೇಲೆ ಆ ಫೈಲನ್ನು ಯಾರೂ ತೆರೆದು ನೋಡುವುದಿಲ್ಲ. ಹೀಗಾಗಿ ರೀಡ್‌ಮಿಯಲ್ಲಿ ಅವಸರದಲ್ಲಿ ಬರೆದ ಒಂದು ಸಾಲು ನೂರಾರು ಪ್ರಾಜೆಕ್ಟುಗಳ ಭದ್ರತೆಯ ಅಳತೆಯಾಗಿ ಉಳಿದುಬಿಡುತ್ತದೆ.

ಫೋನಿನ ಆ್ಯಪ್ ತನಗೆ ಕ್ಯಾಮೆರಾ ಬೇಕು, ಲೊಕೇಶನ್ ಬೇಕು ಎಂದು ತಾನೇ ಕೇಳುತ್ತದೆ. ಆಕ್ಷನ್‌ಗೆ ಆ ಸೌಲಭ್ಯವೇ ಇಲ್ಲ. ಆಕ್ಷನ್ ಡಾಟ್ ಯಾಮಲ್ ಫೈಲಿನಲ್ಲಿ ಹೆಸರು, ಇನ್‌ಪುಟ್, ಔಟ್‌ಪುಟ್, ಓಡಿಸುವ ಬಗೆ ಇವಕ್ಕೆಲ್ಲ ಜಾಗವಿದೆ. ‘ನನಗೆ ಇಂಥ ಅನುಮತಿ ಬೇಕು’ ಎಂದು ಘೋಷಿಸಲು ಜಾಗವಿಲ್ಲ. ಅನುಮತಿ ಕೊಡುವುದೇನಿದ್ದರೂ ಅದನ್ನು ಕರೆಯುವ ವರ್ಕ್‌ಫ್ಲೋ ಫೈಲಿನಲ್ಲಿ, ಅಂದರೆ ಯಾವ ಕೆಲಸ ಯಾವಾಗ ಓಡಬೇಕು ಎಂದು ಬರೆದಿಟ್ಟ ಯಾಮಲ್ ಫೈಲಿನಲ್ಲಿ. ಆದ್ದರಿಂದ ಆಕ್ಷನ್‌ಗೆ ಏನು ಬೇಕೆಂದು ತಿಳಿಯಬೇಕಾದರೆ ಬರೆದವರು ರೀಡ್‌ಮಿಯಲ್ಲಿ ಹೇಳಿರಬೇಕು. ಹೇಳದಿದ್ದರೆ ಸೋರ್ಸ್ ಕೋಡ್ ಓದಬೇಕು, ಇಲ್ಲವೇ ಊಹಿಸಬೇಕು. ಊಹಿಸುವವರು ಎಲ್ಲಕ್ಕೂ ರೈಟ್ (ಬರೆಯುವ ಅನುಮತಿ) ಕೊಟ್ಟುಬಿಡುತ್ತಾರೆ; ಅದೇ ಎಲ್ಲಕ್ಕಿಂತ ಸುಲಭ. ಅನುಮತಿಯ ವಿವರ ಬರೆಯುವುದು ದಾಖಲೆಯ ಅಲಂಕಾರವಲ್ಲ, ಆಕ್ಷನ್‌ನ ಕೆಲಸದ್ದೇ ಒಂದು ಭಾಗ ಎಂದು ನಾನು ಹೇಳುವುದು ಇದಕ್ಕೇ.

ಮುಂದೆ ಬರುವ ಕೀಲಿಪದಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಹೈಫನ್ ಅಥವಾ ಅಂಡರ್‌ಸ್ಕೋರ್ ಇದ್ದಲ್ಲಿ ಅದರ ಸಮೇತ ಇರಬೇಕು.

ಬರೆದವರಲ್ಲಿ ಓಡುತ್ತದೆ, ಬಳಸುವವರಲ್ಲಿ ಓಡುವುದಿಲ್ಲ

ವರ್ಕ್‌ಫ್ಲೋದ ಪ್ರತಿ ಜಾಬ್ (ಒಟ್ಟಿಗೆ ಓಡುವ ಸ್ಟೆಪ್‌ಗಳ ಗುಂಪು) ಶುರುವಾಗುವಾಗ ಗಿಟ್‌ಹಬ್ ಒಂದು ಟೋಕನ್, ಅಂದರೆ ತಾತ್ಕಾಲಿಕ ಪ್ರವೇಶಪತ್ರ, ಹುಟ್ಟಿಸಿ ಕೊಡುತ್ತದೆ. ಜಾಬ್ ಮುಗಿದಾಗ ಅದರ ಆಯಸ್ಸೂ ಮುಗಿಯುತ್ತದೆ. ಆ ಟೋಕನ್‌ಗೆ ಎಷ್ಟು ಶಕ್ತಿ ಇರಬೇಕು ಎಂದು ಹೇಳುವ ಪರ್ಮಿಷನ್ಸ್ ಎಂಬ ಕೀಲಿ ಬಂದದ್ದು 2021ರ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಬರೆದ ಉದಾಹರಣೆಗಳಲ್ಲಿ ಆ ಸಾಲುಗಳು ಇರುವ ಪ್ರಶ್ನೆಯೇ ಇಲ್ಲ. ಆಗ ಟೋಕನ್‌ಗೆ ತಾನಾಗಿಯೇ ಹೆಚ್ಚುಕಡಿಮೆ ಎಲ್ಲಕ್ಕೂ ರೈಟ್ ಇರುತ್ತಿತ್ತು.

2023ರ ಫೆಬ್ರವರಿಯಲ್ಲಿ ಈ ಡಿಫಾಲ್ಟ್ ಬದಲಾಯಿತು. ಅಂದಿನಿಂದ ಹೊಸದಾಗಿ ಶುರುವಾದ ಸಂಸ್ಥೆಗಳಿಗೆ ಮತ್ತು ವೈಯಕ್ತಿಕ ಖಾತೆಯ ಹೊಸ ರೆಪೊಗಳಿಗೆ ಕಂಟೆಂಟ್ಸ್ (ರೆಪೊದ ಕೋಡ್) ಮತ್ತು ಪ್ಯಾಕೇಜಸ್ ಓದುವ ಅನುಮತಿಯಷ್ಟೇ ಸಿಗುತ್ತದೆ. ಹಳೆಯವುಗಳ ಸೆಟ್ಟಿಂಗ್ ಹಾಗೇ ಉಳಿದಿದೆ. ಇದರ ಪರಿಣಾಮ ಹೀಗಾಯಿತು: 2019ರಿಂದ ನಡೆಯುತ್ತಿರುವ ಪ್ರಾಜೆಕ್ಟಿನವರು ತಮ್ಮ ಆಕ್ಷನ್‌ನ ಉದಾಹರಣೆಯನ್ನು ತಮ್ಮದೇ ರೆಪೊದಲ್ಲಿ ಓಡಿಸಿ ನೋಡುತ್ತಾರೆ, ಸರಿಯಾಗಿ ಓಡುತ್ತದೆ. ಕಳೆದ ವಾರ ರೆಪೊ ತೆರೆದವರು ಅದನ್ನೇ ಅಂಟಿಸಿದರೆ 403 (ಅನುಮತಿ ಇಲ್ಲ ಎಂಬ ದೋಷ) ಬರುತ್ತದೆ, ಜೊತೆಗೆ ‘ರಿಸೋರ್ಸ್ ನಾಟ್ ಆಕ್ಸೆಸಿಬಲ್ ಬೈ ಇಂಟಿಗ್ರೇಶನ್’ ಎಂಬ ಒಂದು ಸಾಲು. ಯಾವ ಅನುಮತಿ ಕೊರತೆಯಾಯಿತು ಎಂದು ಆ ಸಾಲು ಹೇಳುವುದಿಲ್ಲ. ಆಗ ಹುಡುಕಾಟದಲ್ಲಿ ಸಿಗುವ ಉತ್ತರ ಎಂದರೆ ಸೆಟ್ಟಿಂಗಿಗೆ ಹೋಗಿ ಇಡೀ ರೆಪೊಗೆ ರೀಡ್ ಮತ್ತು ರೈಟ್ ಆಯ್ಕೆ ಮಾಡಿ ಎಂಬುದು. ಒಂದೇ ಒಂದು ಆಕ್ಷನ್‌ಗೆ ಬೇಕಾಗಿದ್ದ ಸಣ್ಣ ಅನುಮತಿಗಾಗಿ ಆ ರೆಪೊದಲ್ಲಿ ಅನುಮತಿ ಬರೆಯದ ಪ್ರತಿ ವರ್ಕ್‌ಫ್ಲೋಗೂ ಬಾಗಿಲು ತೆರೆದಂತಾಗುತ್ತದೆ.

ಆದ್ದರಿಂದ ಮೊದಲ ನಿಯಮ: ಉದಾಹರಣೆ ಎಷ್ಟೇ ಚಿಕ್ಕದಿರಲಿ, ಓದುವ ಅನುಮತಿ ಮಾತ್ರ ಸಾಕಾಗುವುದಿರಲಿ, ಪರ್ಮಿಷನ್ಸ್ ಸಾಲುಗಳು ಅದರೊಳಗೇ ಇರಬೇಕು. ರೀಡ್‌ಮಿಯ ಕೆಳಗೆಲ್ಲೋ ‘ಅನುಮತಿಗಳು’ ಎಂಬ ಪ್ರತ್ಯೇಕ ಪ್ಯಾರಾ ಇದ್ದರೆ ಸಾಲದು. ನಕಲು ಮಾಡುವಾಗ ಕೈಗೆ ಬರುವುದು ಕೋಡ್ ಚೌಕದೊಳಗೆ ಇರುವುದು ಮಾತ್ರ.

ಓದುಗರು ಎಡವುವ ಜಾಗಗಳು

ಪರ್ಮಿಷನ್ಸ್ ಕೆಳಗೆ ಒಂದೇ ಒಂದು ಹೆಸರು ಬರೆದರೂ ಸಾಕು, ಬರೆಯದೆ ಬಿಟ್ಟ ಉಳಿದವೆಲ್ಲ ಶೂನ್ಯವಾಗುತ್ತವೆ. ಮೆಟಾಡೇಟಾ ಓದುವುದೊಂದು ಮಾತ್ರ ಉಳಿಯುತ್ತದೆ. ಇದನ್ನು ತಿಳಿಯದವರು ‘ಇಶ್ಯೂಗೆ ಕಾಮೆಂಟ್ ಹಾಕಬೇಕು, ಅದಕ್ಕೆ ಇಶ್ಯೂಸ್: ರೈಟ್ ಸೇರಿಸಿ’ ಎಂದಷ್ಟೇ ರೀಡ್‌ಮಿಯಲ್ಲಿ ಬರೆಯುತ್ತಾರೆ. ಓದುಗರು ಅದನ್ನು ಸೇರಿಸುತ್ತಾರೆ. ಅಲ್ಲಿಯವರೆಗೆ ಡಿಫಾಲ್ಟಿನಿಂದ ಸಿಗುತ್ತಿದ್ದ ಕಂಟೆಂಟ್ಸ್: ರೀಡ್ ಹೋಗಿಬಿಡುತ್ತದೆ. ಸಾರ್ವಜನಿಕ ರೆಪೊದಲ್ಲಿ ಇದು ಗೊತ್ತೇ ಆಗುವುದಿಲ್ಲ, ಕೋಡ್ ಯಾರಿಗಾದರೂ ಸಿಗುವಂಥದ್ದು. ಖಾಸಗಿ ರೆಪೊದಲ್ಲಿ ಕೋಡ್ ಇಳಿಸಿಕೊಳ್ಳುವ ಚೆಕ್‌ಔಟ್ ಸ್ಟೆಪ್ ಬಿದ್ದುಹೋಗುತ್ತದೆ, ಅದೂ ‘ರೆಪಾಸಿಟರಿ ನಾಟ್ ಫೌಂಡ್’ ಎಂಬ ಸಂದೇಶದೊಡನೆ. ಇರುವ ರೆಪೊವನ್ನೇ ಇಲ್ಲ ಎನ್ನುವ ಆ ಸಂದೇಶ ನೋಡಿ ಅನುಮತಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ‘ಇದನ್ನು ಸೇರಿಸಿ’ ಎಂದು ಬರೆಯುವ ಬದಲು ಪೂರ್ತಿ ಪಟ್ಟಿಯನ್ನೇ ಕೊಡಬೇಕು ಎನ್ನುವುದು ಇದಕ್ಕಾಗಿಯೇ.

ಎರಡನೆಯದು, ಫೈಲಿನ ಮೇಲ್ಭಾಗದಲ್ಲಿ ಬರೆದ ಅನುಮತಿ ಮತ್ತು ಜಾಬ್ ಒಳಗೆ ಬರೆದ ಅನುಮತಿ ಕೂಡಿಕೊಳ್ಳುವುದಿಲ್ಲ. ಜಾಬ್ ಒಳಗೆ ಬರೆದದ್ದು ಮೇಲಿನದನ್ನು ಪೂರ್ತಿ ತೆಗೆದುಹಾಕಿ ತಾನು ಕೂರುತ್ತದೆ. ಮೇಲೆ ಕಂಟೆಂಟ್ಸ್: ರೀಡ್ ಇದೆಯಲ್ಲ ಎಂದುಕೊಂಡು ಜಾಬ್ ಒಳಗೆ ಪ್ಯಾಕೇಜಸ್: ರೈಟ್ ಮಾತ್ರ ಬರೆದರೆ ಕಂಟೆಂಟ್ಸ್ ಕೈತಪ್ಪುತ್ತದೆ.

ರೈಟ್ ಕೊಟ್ಟರೆ ರೀಡ್ ಅದರಲ್ಲೇ ಸೇರಿದೆ, ಎರಡನ್ನೂ ಬರೆಯಬೇಕಿಲ್ಲ.

ಕಾರಣ ಬರೆಯುವ ಬಗೆ

ಒಂದು ಫಾಂಟ್ ಪ್ರಾಜೆಕ್ಟನ್ನು ತೆಗೆದುಕೊಳ್ಳೋಣ. ಟ್ಯಾಗ್ ಹಾಕಿದಾಗ ಫಾಂಟ್ ಕಟ್ಟಿ, ಜಿಪ್ ಮಾಡಿ, ರಿಲೀಸ್ ಪುಟಕ್ಕೆ ಏರಿಸಬೇಕು. ಒಂದೇ ಜಾಬ್‌ನಲ್ಲಿ ಎಲ್ಲವನ್ನೂ ಮಾಡಿ ಕಂಟೆಂಟ್ಸ್: ರೈಟ್ ಕೊಟ್ಟರೆ ಕೆಲಸ ನಡೆಯುತ್ತದೆ. ಆದರೆ ಫಾಂಟ್ ಕಟ್ಟುವಾಗ ಪಿಪ್ ಮೂಲಕ ಹತ್ತಾರು ಪೈಥಾನ್ ಪ್ಯಾಕೇಜುಗಳು ಇಳಿದು, ಅವುಗಳ ಕೋಡೆಲ್ಲ ಅದೇ ಜಾಬ್‌ನಲ್ಲಿ ಓಡುತ್ತದೆ. ಕಟ್ಟುವ ಕೆಲಸಕ್ಕೆ ರೆಪೊಗೆ ಬರೆಯುವ ಅಧಿಕಾರ ಬೇಕಿಲ್ಲ. ಆದ್ದರಿಂದ ಉದಾಹರಣೆಯನ್ನು ಹೀಗೆ ಎರಡು ಜಾಬ್ ಮಾಡಿ ಕೊಡಬೇಕು:

    ಪರ್ಮಿಷನ್ಸ್: {}            # ಮೊದಲು ಎಲ್ಲವನ್ನೂ ಮುಚ್ಚಿ; ಬೇಕಾದ್ದನ್ನು ಜಾಬ್‌ನಲ್ಲಿ ಕೊಡಿ

    ಜಾಬ್ಸ್:
      ಬಿಲ್ಡ್:
        ಪರ್ಮಿಷನ್ಸ್:
          ಕಂಟೆಂಟ್ಸ್: ರೀಡ್     # ಚೆಕ್‌ಔಟ್ ಸ್ಟೆಪ್ ಕೋಡ್ ಇಳಿಸಿಕೊಳ್ಳಲು
      ರಿಲೀಸ್:
        ನೀಡ್ಸ್: ಬಿಲ್ಡ್
        ಪರ್ಮಿಷನ್ಸ್:
          ಕಂಟೆಂಟ್ಸ್: ರೈಟ್     # ರಿಲೀಸ್ ಸೃಷ್ಟಿಸಿ ಜಿಪ್ ಫೈಲ್ ಸೇರಿಸಲು

ಮೊದಲ ಜಾಬ್ ಜಿಪ್ ಫೈಲನ್ನು ಆರ್ಟಿಫ್ಯಾಕ್ಟ್ ಆಗಿ (ರನ್ನಿನ ಜೊತೆ ಉಳಿಸಿಡುವ ಫೈಲಾಗಿ) ಏರಿಸುತ್ತದೆ, ಎರಡನೆಯದು ಇಳಿಸಿಕೊಳ್ಳುತ್ತದೆ. ಒಂದೇ ರನ್ನಿನೊಳಗೆ ಆರ್ಟಿಫ್ಯಾಕ್ಟ್ ಕೊಟ್ಟುತೆಗೆದುಕೊಳ್ಳಲು ಯಾವ ಅನುಮತಿಯೂ ಬೇಡ. ಬೇರೊಂದು ರನ್ನಿನ ಆರ್ಟಿಫ್ಯಾಕ್ಟ್ ಬೇಕಾದರೆ ಮಾತ್ರ ಆಕ್ಷನ್ಸ್: ರೀಡ್ ಬೇಕು. ಇದನ್ನೂ ರೀಡ್‌ಮಿಯಲ್ಲಿ ಹೇಳಿ. ಹೇಳದಿದ್ದರೆ ಯಾರೋ ಒಬ್ಬರು ಸುಮ್ಮನೆ ಆಕ್ಷನ್ಸ್: ರೈಟ್ ಸೇರಿಸುತ್ತಾರೆ.

ಸಾಲಿನ ಪಕ್ಕದ ಟಿಪ್ಪಣಿಯನ್ನು ಗಮನಿಸಿ. ‘ಬರೆಯುವ ಅನುಮತಿ’ ಎಂದು ಅದರಲ್ಲಿ ಹೇಳಿದ್ದರೆ ಏನೂ ಹೇಳಿದಂತಾಗುತ್ತಿರಲಿಲ್ಲ, ರೈಟ್ ಎಂಬ ಪದವೇ ಅದನ್ನು ಹೇಳುತ್ತಿದೆ. ಯಾವ ಸ್ಟೆಪ್, ಏನು ಮಾಡಲು ಎಂಬುದು ಟಿಪ್ಪಣಿಯಲ್ಲಿ ಬರಬೇಕು. ಮುಂದೆ ಆ ಸ್ಟೆಪ್ ತೆಗೆದಾಗ ಅನುಮತಿಯನ್ನೂ ತೆಗೆಯಬಹುದು ಎಂದು ಫೈಲು ನೋಡಿದವರಿಗೆ ಆಗ ಹೊಳೆಯುತ್ತದೆ. ಯಾಮಲ್ ಟಿಪ್ಪಣಿಯಲ್ಲಿ ಕನ್ನಡ ಬರೆದರೂ ಯಾವ ತೊಂದರೆಯೂ ಇಲ್ಲ. ತಂಡದವರೆಲ್ಲ ಕನ್ನಡ ಓದುವವರಾದರೆ ಕಾರಣವನ್ನು ಕನ್ನಡದಲ್ಲೇ ಬರೆಯಬಹುದು.

ಎಲ್ಲ ಸಂದರ್ಭಕ್ಕೂ ಬೇಡದ ಅನುಮತಿಗೆ ‘ಯಾವಾಗ ಮಾತ್ರ’ ಎಂಬುದೂ ಬೇಕು. ಇದಕ್ಕೆ ಒಳ್ಳೆಯ ಮಾದರಿಗಳು ಗಿಟ್‌ಹಬ್‌ನವರದೇ ಇವೆ. ಹಳೆಯ ಇಶ್ಯೂಗಳನ್ನು ಮುಚ್ಚುವ ಸ್ಟೇಲ್ ಆಕ್ಷನ್‌ನ ರೀಡ್‌ಮಿಯಲ್ಲಿ ಕಂಟೆಂಟ್ಸ್: ರೈಟ್ ಎದುರಿಗೆ, ಇದು ಬ್ರಾಂಚ್ ಅಳಿಸುವ ಆಯ್ಕೆಗೆ ಮಾತ್ರ ಎಂದು ಬರೆದಿದೆ. ಆ ಆಯ್ಕೆ ಬಳಸದವರು ಸಾಲನ್ನು ಅಳಿಸಬಹುದು. ಕೋಡಿನಲ್ಲಿ ಭದ್ರತಾ ದೋಷ ಹುಡುಕುವ ಕೋಡ್‌ಕ್ಯೂಎಲ್‌ನ ಸಿದ್ಧ ವರ್ಕ್‌ಫ್ಲೋದಲ್ಲಿ ಸೆಕ್ಯುರಿಟಿ-ಈವೆಂಟ್ಸ್: ರೈಟ್ ಎಲ್ಲರಿಗೂ ಬೇಕು, ಆಕ್ಷನ್ಸ್: ರೀಡ್ ಮತ್ತು ಕಂಟೆಂಟ್ಸ್: ರೀಡ್ ಖಾಸಗಿ ರೆಪೊಗಳಿಗೆ ಮಾತ್ರ ಎಂದು ಬಿಡಿಸಿ ಹೇಳಿದ್ದಾರೆ. ಪುಲ್ ರಿಕ್ವೆಸ್ಟಿಗೆ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಗೆ) ಲೇಬಲ್ ಅಂಟಿಸುವ ಲೇಬಲರ್ ಆಕ್ಷನ್‌ಗೆ ಕಂಟೆಂಟ್ಸ್: ರೀಡ್ ಮತ್ತು ಪುಲ್-ರಿಕ್ವೆಸ್ಟ್ಸ್: ರೈಟ್ ಸಾಕು, ಇಲ್ಲದ ಲೇಬಲನ್ನು ಹೊಸದಾಗಿ ಹುಟ್ಟಿಸಬೇಕಾದರೆ ಇಶ್ಯೂಸ್: ರೈಟ್ ಕೂಡ ಬೇಕು.

ಐಚ್ಛಿಕ ಅನುಮತಿಗಳನ್ನು ಮೊದಲ ಉದಾಹರಣೆಯಲ್ಲಿ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲವನ್ನೂ ಕೊಟ್ಟು ‘ಬೇಡದ್ದನ್ನು ತೆಗೆಯಿರಿ’ ಎಂದರೆ ಯಾರೂ ತೆಗೆಯುವುದಿಲ್ಲ. ಅತಿ ಕಡಿಮೆ ಅನುಮತಿಯ ಉದಾಹರಣೆ ಮೇಲಿರಲಿ, ಪ್ರತಿ ಹೆಚ್ಚುವರಿ ಆಯ್ಕೆಗೂ ಅದರದೇ ಪೂರ್ತಿ ಉದಾಹರಣೆ ಕೆಳಗಿರಲಿ. ರೀಡ್‌ಮಿ ಉದ್ದವಾದರೂ ಚಿಂತೆಯಿಲ್ಲ.

ಕನಿಷ್ಠ ಎಷ್ಟು ಬೇಕೆಂದು ಕಂಡುಹಿಡಿಯುವುದು

ಮೊದಲು ಖಾಸಗಿ ರೆಪೊ ಒಂದನ್ನು ತೆರೆಯಿರಿ. ಸಾರ್ವಜನಿಕ ರೆಪೊದಲ್ಲಿ ಪರೀಕ್ಷಿಸಿದರೆ ಓದುವ ಅನುಮತಿಯ ಕೊರತೆ ಮರೆಯಾಗುತ್ತದೆ ಎಂದು ಆಗಲೇ ನೋಡಿದೆವು. ಮೇಲ್ಭಾಗದಲ್ಲಿ ಖಾಲಿ ಆವರಣ ಕೊಟ್ಟು ಓಡಿಸಿ. ಬೀಳುತ್ತದೆ. ಬಿದ್ದ ಸ್ಟೆಪ್ ಯಾವ ಎಪಿಐ ಕರೆ (ಗಿಟ್‌ಹಬ್‌ಗೆ ಪ್ರೋಗ್ರಾಂ ಕಳಿಸುವ ಕೋರಿಕೆ) ಮಾಡಿತು ಎಂದು ನೋಡಿ, ಅದಕ್ಕೆ ಬೇಕಾದ ಒಂದು ಅನುಮತಿ ಸೇರಿಸಿ, ಮತ್ತೆ ಓಡಿಸಿ. ಪ್ರತಿ ರನ್ನಿನ ‘ಸೆಟ್ ಅಪ್ ಜಾಬ್’ ಭಾಗವನ್ನು ಬಿಡಿಸಿದರೆ ಟೋಕನ್‌ಗೆ ನಿಜಕ್ಕೂ ಯಾವ ಅನುಮತಿಗಳು ಸಿಕ್ಕಿವೆ ಎಂಬ ಪಟ್ಟಿ ಕಾಣುತ್ತದೆ. ಫೈಲಿನಲ್ಲಿ ಬರೆದದ್ದಕ್ಕಿಂತ ಆ ಪಟ್ಟಿಯನ್ನು ನಂಬಿ.

ಯಾವ ಕರೆಗೆ ಏನು ಬೇಕು ಎಂದು ಊಹಿಸುವ ಅಗತ್ಯವಿಲ್ಲ. ಗಿಟ್‌ಹಬ್‌ನ ರೆಸ್ಟ್ ಎಪಿಐ ಉತ್ತರದ ಜೊತೆಗೆ ‘ಎಕ್ಸ್-ಆಕ್ಸೆಪ್ಟೆಡ್-ಗಿಟ್‌ಹಬ್-ಪರ್ಮಿಷನ್ಸ್’ ಎಂಬ ಹೆಡರ್ ಬರುತ್ತದೆ. ಗಿಟ್‌ಹಬ್‌ನದೇ ಆದ ಜಿಎಚ್ ಎಂಬ ಆಜ್ಞಾಸಾಲಿನ ಉಪಕರಣದ ಎಪಿಐ ಆಜ್ಞೆಗೆ ಐ ಎಂಬ ಸಣ್ಣ ಫ್ಲ್ಯಾಗ್ ಸೇರಿಸಿದರೆ ಹೆಡರುಗಳೂ ಅಚ್ಚಾಗುತ್ತವೆ. ಹೆಡರಿನಲ್ಲಿ ಅಲ್ಪವಿರಾಮದಿಂದ ಬೇರ್ಪಟ್ಟವು ಎಲ್ಲವೂ ಬೇಕು; ಅರ್ಧವಿರಾಮ ಇದ್ದರೆ ಅದರ ಎರಡು ಬದಿಗಳಲ್ಲಿ ಯಾವುದಾದರೊಂದು ಸಾಕು. ಪುಲ್ ರಿಕ್ವೆಸ್ಟಿಗೆ ಕಾಮೆಂಟ್ ಹಾಕುವ ಕರೆಯಲ್ಲಿ ಇಂಥದೇ ಆಯ್ಕೆಯಿದೆ: ಇಶ್ಯೂಸ್: ರೈಟ್ ಇಲ್ಲವೇ ಪುಲ್-ರಿಕ್ವೆಸ್ಟ್ಸ್: ರೈಟ್. ಎರಡನ್ನೂ ಕೇಳುವ ರೀಡ್‌ಮಿಗಳು ಬಹಳ ಇವೆ, ಒಂದು ಸಾಕು. ಹೆಡರಿನಲ್ಲಿ ಹೆಸರಿನ ನಡುವೆ ಅಂಡರ್‌ಸ್ಕೋರ್ ಇರುತ್ತದೆ, ಯಾಮಲ್‌ನಲ್ಲಿ ಹೈಫನ್ ಇರಬೇಕು. ಹಾಗೇ ನಕಲು ಮಾಡಿದರೆ ವರ್ಕ್‌ಫ್ಲೋ ಫೈಲೇ ಅಮಾನ್ಯವಾಗುತ್ತದೆ.

ಹಸಿರು ಟಿಕ್ ಬಿದ್ದ ಮಾತ್ರಕ್ಕೆ ಅನುಮತಿ ಸಾಕಾಗಿದೆ ಎಂದುಕೊಳ್ಳಬೇಡಿ. ಎಪಿಐಯನ್ನು ಕರ್ಲ್ ಆಜ್ಞೆಯಿಂದ ಕರೆದು ಅದಕ್ಕೆ ಫೇಲ್ ಎಂಬ ಫ್ಲ್ಯಾಗ್ ಕೊಡದಿದ್ದರೆ 403 ಬಂದರೂ ಸ್ಟೆಪ್ ಪಾಸಾಗುತ್ತದೆ. ಗಿಟ್‌ಹಬ್‌ನ ಇನ್ನೊಂದು ಎಪಿಐ ಆದ ಗ್ರಾಫ್‌ಕ್ಯೂಎಲ್ ಇನ್ನೂ ತೊಡಕಿನದು: ಅನುಮತಿ ಇಲ್ಲದಿದ್ದಾಗಲೂ ಉತ್ತರ 200 (ಎಲ್ಲ ಸರಿ) ಎಂದೇ ಬರುತ್ತದೆ, ದೋಷ ಒಳಗಿನ ಎರರ್ಸ್ ಪಟ್ಟಿಯಲ್ಲಿ ಕೂತಿರುತ್ತದೆ. ಕೆಲಸ ನಿಜವಾಗಿ ಆಯಿತೇ, ಕಾಮೆಂಟ್ ಬಿತ್ತೇ, ಲೇಬಲ್ ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿ. ಕೊನೆಗೆ, ಸೇರಿಸಿದ ಅನುಮತಿಗಳನ್ನು ಒಂದೊಂದಾಗಿ ತೆಗೆದು ಇನ್ನೊಂದು ಸುತ್ತು ಓಡಿಸಿ. ತೆಗೆದರೂ ಕೆಲಸ ನಡೆದರೆ ಆ ಸಾಲು ರೀಡ್‌ಮಿಗೆ ಹೋಗಬಾರದು. ತೆಗೆದಾಗ ಬಂದ ದೋಷದ ಸಾಲನ್ನು ಮಾತ್ರ ಇದ್ದಂತೆಯೇ ರೀಡ್‌ಮಿಯಲ್ಲಿ ಇಡಿ: ‘ಈ ಅನುಮತಿ ಇಲ್ಲದಿದ್ದರೆ ಈ ಸಂದೇಶ ಬರುತ್ತದೆ’. ದೋಷದ ಸಾಲನ್ನೇ ಹುಡುಕಿಕೊಂಡು ಬರುವವರಿಗೆ ಅದು ನೇರ ಉತ್ತರ.

ಹೆಸರು ಸಣ್ಣದು, ಅಧಿಕಾರ ದೊಡ್ಡದು

ಕಂಟೆಂಟ್ಸ್: ರೈಟ್ ಎಂಬುದನ್ನು ಓದಿದವರಿಗೆ ಫೈಲ್ ಬದಲಾಯಿಸುವ ಅನುಮತಿ ಎಂದಷ್ಟೇ ಅನಿಸುತ್ತದೆ. ಆದರೆ ಕಮಿಟ್ ಪುಶ್ ಮಾಡುವುದು, ಬ್ರಾಂಚ್ ಹುಟ್ಟಿಸುವುದು ಮತ್ತು ಅಳಿಸುವುದು, ಟ್ಯಾಗ್ ಹಾಕುವುದು, ರಿಲೀಸ್ ಮಾಡುವುದು, ಹಿಂದಿನ ರಿಲೀಸಿನ ಫೈಲುಗಳನ್ನು ಬದಲಾಯಿಸುವುದು, ಪುಲ್ ರಿಕ್ವೆಸ್ಟ್ ಮರ್ಜ್ ಮಾಡುವುದು ಎಲ್ಲವೂ ಅದರಲ್ಲೇ ಸೇರಿವೆ. ರಿಲೀಸಿಗೆ ಮಾತ್ರ ಎಂದು ಬೇರೆ ಅನುಮತಿ ಇಲ್ಲ. ಹಾಗಾಗಿ ಈ ಒಂದು ಸಾಲಿಗೆ ಟಿಪ್ಪಣಿಯಷ್ಟೇ ಸಾಲದು. ‘ನಮ್ಮ ಆಕ್ಷನ್ ರಿಲೀಸ್ ಮಾಡಲು ಮಾತ್ರ ಇದನ್ನು ಬಳಸುತ್ತದೆ, ಯಾವ ಬ್ರಾಂಚಿಗೂ ಪುಶ್ ಮಾಡುವುದಿಲ್ಲ’ ಎಂದು ಸ್ಪಷ್ಟ ವಾಕ್ಯದಲ್ಲಿ ಬರೆಯಬೇಕು. ಮುಖ್ಯ ಬ್ರಾಂಚಿಗೆ ರಕ್ಷಣೆ ಹಾಕಿಕೊಳ್ಳಿ ಎಂದೂ ಸೇರಿಸಬೇಕು.

ಐಡಿ-ಟೋಕನ್: ರೈಟ್ ಇದಕ್ಕೆ ತದ್ವಿರುದ್ಧ. ಹೆಸರಿನಲ್ಲಿ ರೈಟ್ ಇದ್ದರೂ ರೆಪೊದಲ್ಲಿ ಏನನ್ನೂ ಬರೆಯಲು ಅದು ಬಿಡುವುದಿಲ್ಲ. ಈ ಜಾಬ್ ಇಂಥ ರೆಪೊದ್ದು, ಇಂಥ ಬ್ರಾಂಚಿನದು ಎಂದು ಸಹಿ ಮಾಡಿದ ಗುರುತಿನ ಟೋಕನ್ ಪಡೆಯಲು ಅವಕಾಶ ಕೊಡುತ್ತದೆ, ಅಷ್ಟೇ. ಆ ಗುರುತಿಗೆ ಎಷ್ಟು ಬೆಲೆ ಎಂಬುದನ್ನು ನಿರ್ಧರಿಸುವುದು ಎಡಬ್ಲ್ಯುಎಸ್‌ನಂಥ ಕ್ಲೌಡಿನಲ್ಲಿರುವ ನಂಬಿಕೆಯ ನೀತಿ. ಆದ್ದರಿಂದ ಕ್ಲೌಡಿಗೆ ಲಾಗಿನ್ ಆಗುವ ಉದಾಹರಣೆಯಲ್ಲಿ ಯಾಮಲ್ ಮಾತ್ರ ಕೊಟ್ಟರೆ ಅರ್ಧ ದಾಖಲೆ ಕೊಟ್ಟಂತೆ. ಸಬ್ಜೆಕ್ಟ್ ಎಂಬ ಕ್ಲೇಮಿನಲ್ಲಿ ಸಂಸ್ಥೆ, ರೆಪೊ, ಬ್ರಾಂಚ್ ಮೂರನ್ನೂ ಹೆಸರಿಸಿದ ನೀತಿಯನ್ನು ಪಕ್ಕದಲ್ಲೇ ತೋರಿಸಬೇಕು. ಜಾಬ್‌ಗೆ ಎನ್ವಿರಾನ್‌ಮೆಂಟ್ ಕೊಟ್ಟ ಕೂಡಲೇ ಆ ಕ್ಲೇಮಿನಲ್ಲಿ ಬ್ರಾಂಚಿನ ಜಾಗಕ್ಕೆ ಎನ್ವಿರಾನ್‌ಮೆಂಟಿನ ಹೆಸರು ಬರುತ್ತದೆ, ನಿನ್ನೆಯವರೆಗೆ ಓಡುತ್ತಿದ್ದದ್ದು ನಿಂತುಹೋಗುತ್ತದೆ. ಆಗ ಜನ ಅವಸರಕ್ಕೆ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಪ್ಪಿಕೊಳ್ಳುವ ನೀತಿ ಬರೆದುಬಿಡುತ್ತಾರೆ. ಎರಡು ರೂಪಗಳನ್ನೂ ರೀಡ್‌ಮಿಯಲ್ಲಿ ಕೊಟ್ಟಿದ್ದರೆ ಆ ತಪ್ಪು ಆಗುವುದಿಲ್ಲ.

ಗಿಟ್‌ಹಬ್‌ನ ವೆಬ್‌ಸೈಟ್ ಸೇವೆಯಾದ ಪೇಜಸ್‌ಗೆ ಸೈಟ್ ಏರಿಸುವ ಡಿಪ್ಲಾಯ್-ಪೇಜಸ್ ಆಕ್ಷನ್‌ಗೆ ಪೇಜಸ್: ರೈಟ್ ಮತ್ತು ಐಡಿ-ಟೋಕನ್: ರೈಟ್ ಎರಡೂ ಬೇಕು. ಬಿಲ್ಡ್ ಅಟೆಸ್ಟೇಶನ್‌ಗೆ (ಫೈಲನ್ನು ಎಲ್ಲಿ, ಹೇಗೆ ಕಟ್ಟಿದ್ದು ಎಂಬ ಸಹಿ ಮಾಡಿದ ಪ್ರಮಾಣಕ್ಕೆ) ಐಡಿ-ಟೋಕನ್ ಜೊತೆ ಅಟೆಸ್ಟೇಶನ್ಸ್: ರೈಟ್.

ಅನುಮತಿಯ ಸಾಲುಗಳಿಗೆ ಸಿಗದ ಸಂಗತಿಗಳು

ಯಾಮಲ್‌ನಲ್ಲಿ ಎಲ್ಲವೂ ಸರಿಯಿದ್ದರೂ ಕೆಲಸ ನಡೆಯದ ಸಂದರ್ಭಗಳಿವೆ, ಅವನ್ನೂ ಬರೆಯಬೇಕು. ವರ್ಕ್‌ಫ್ಲೋ ಒಂದು ಪುಲ್ ರಿಕ್ವೆಸ್ಟ್ ತೆರೆಯಬೇಕಾದರೆ ಬ್ರಾಂಚ್ ಪುಶ್ ಮಾಡಲು ಕಂಟೆಂಟ್ಸ್: ರೈಟ್, ತೆರೆಯಲು ಪುಲ್-ರಿಕ್ವೆಸ್ಟ್ಸ್: ರೈಟ್ ಬೇಕು. ಇವೆರಡರ ಮೇಲೆ ರೆಪೊ ಸೆಟ್ಟಿಂಗಿನಲ್ಲಿ ‘ಆಕ್ಷನ್ಸ್ ಪುಲ್ ರಿಕ್ವೆಸ್ಟ್ ಸೃಷ್ಟಿಸಲು ಮತ್ತು ಅನುಮೋದಿಸಲು ಬಿಡಿ’ ಎಂಬ ಅರ್ಥದ ಚೌಕಕ್ಕೂ ಟಿಕ್ ಹಾಕಿರಬೇಕು. ಅದು ಸಂಸ್ಥೆಯ ಮಟ್ಟದಲ್ಲಿ ಮುಚ್ಚಿದ್ದರೆ ರೆಪೊದಲ್ಲಿ ತೆರೆಯಲು ಆಗುವುದಿಲ್ಲ. ಒಂದೇ ಚೌಕ ಸೃಷ್ಟಿ ಮತ್ತು ಅನುಮೋದನೆ ಎರಡನ್ನೂ ಬಿಡುತ್ತದೆ ಎಂಬುದನ್ನು ಓದುಗರಿಗೆ ಎಚ್ಚರಿಕೆಯಾಗಿ ಹೇಳಿ.

ಹಾಗೆ ತೆರೆದ ಪುಲ್ ರಿಕ್ವೆಸ್ಟಿನಲ್ಲಿ ಪರೀಕ್ಷೆಗಳು ತಾವಾಗಿ ಶುರುವಾಗುವುದಿಲ್ಲ. ವರ್ಕ್‌ಫ್ಲೋದ ಟೋಕನ್ ಮಾಡಿದ ಕೆಲಸದಿಂದ ಮತ್ತೊಂದು ವರ್ಕ್‌ಫ್ಲೋ ಸಾಮಾನ್ಯವಾಗಿ ತಾನಾಗಿ ಹೊರಡದಂತೆ ಗಿಟ್‌ಹಬ್ ತಡೆದಿದೆ, ಇಲ್ಲದಿದ್ದರೆ ಒಂದು ಇನ್ನೊಂದನ್ನು ಕರೆಯುತ್ತಾ ಕೊನೆಯೇ ಇರುವುದಿಲ್ಲ. ಇದು ಅನುಮತಿಯ ಕೊರತೆಯಲ್ಲ, ಎಷ್ಟು ರೈಟ್ ಸೇರಿಸಿದರೂ ಬದಲಾಗದು. ವರ್ಕ್‌ಫ್ಲೋ ಫೈಲುಗಳನ್ನು ಬದಲಾಯಿಸಿ ಪುಶ್ ಮಾಡುವುದೂ ಈ ಟೋಕನ್‌ಗೆ ಸಾಧ್ಯವಿಲ್ಲ. ಇಂಥ ಕಡೆ ಗಿಟ್‌ಹಬ್ ಆ್ಯಪ್ ಟೋಕನ್ ಅಥವಾ ಪರ್ಸನಲ್ ಆಕ್ಸೆಸ್ ಟೋಕನ್ ಬೇಕಾಗುತ್ತದೆ. ಅವುಗಳ ಮೇಲೆ ಪರ್ಮಿಷನ್ಸ್ ಸಾಲುಗಳ ಹಿಡಿತ ಇಲ್ಲವೇ ಇಲ್ಲ. ಮೇಲೆ ಕಂಟೆಂಟ್ಸ್: ರೀಡ್ ಎಂದು ಬರೆದು, ಕೆಳಗೆ ಎಲ್ಲ ಅಧಿಕಾರವಿರುವ ಪರ್ಸನಲ್ ಟೋಕನ್ ಕೊಟ್ಟ ಉದಾಹರಣೆ ಓದುಗರ ದಾರಿ ತಪ್ಪಿಸುತ್ತದೆ. ಅಂಥಲ್ಲಿ ವರ್ಕ್‌ಫ್ಲೋದ ಟೋಕನ್ ಏಕೆ ಸಾಲದು, ಹೊರಗಿನ ಟೋಕನ್‌ಗೆ ಯಾವ ರೆಪೊದ ಮೇಲೆ ಯಾವ ಯಾವ ಅನುಮತಿ ಬೇಕು ಎಂಬುದನ್ನು ಬೇರೆ ಪಟ್ಟಿಯಾಗಿ ಕೊಡಿ. ಆ್ಯಪ್ ಟೋಕನ್ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉದ್ದದ ಜಾಬ್‌ಗೆ ಇದನ್ನೂ ತಿಳಿಸಬೇಕು.

ಕ್ಯಾಶ್ (ಮುಂದಿನ ರನ್ನುಗಳಿಗಾಗಿ ಉಳಿಸಿಡುವ ಫೈಲುಗಳು) ಬರೆಯುವುದಕ್ಕೂ ಈ ಅನುಮತಿಗಳಿಗೂ ಸಂಬಂಧವಿಲ್ಲ. ಎಲ್ಲವನ್ನೂ ಮುಚ್ಚಿದ ಜಾಬ್ ಕೂಡ ಕ್ಯಾಶ್ ಬರೆಯಬಲ್ಲದು.

ಚೆಕ್‌ಔಟ್ ಬಗ್ಗೆ ಇನ್ನೊಂದು ಮಾತು. ಅದು ಡಿಫಾಲ್ಟಾಗಿ ಟೋಕನ್ನನ್ನು ರನ್ನರಿನಲ್ಲಿ (ಜಾಬ್ ಓಡುವ ಯಂತ್ರದಲ್ಲಿ) ಉಳಿಸಿಡುತ್ತದೆ, ಮುಂದಿನ ಸ್ಟೆಪ್‌ಗಳು ಪುಶ್ ಮಾಡಲಿ ಎಂದು. ಪುಶ್ ಮಾಡದ ಉದಾಹರಣೆಗಳಲ್ಲಿ ಪರ್ಸಿಸ್ಟ್-ಕ್ರೆಡೆನ್ಶಿಯಲ್ಸ್: ಫಾಲ್ಸ್ ಎಂದು ಬರೆಯುವುದು ಒಳ್ಳೆಯದು.

ಯಾರು ಎಬ್ಬಿಸಿದರು ಎಂಬುದೂ ದಾಖಲೆಯ ಭಾಗ

ಬೇರೆಯವರ ಫೋರ್ಕ್‌ನಿಂದ (ರೆಪೊದ ಅವರದೇ ನಕಲಿನಿಂದ) ಸಾರ್ವಜನಿಕ ರೆಪೊಗೆ ಬಂದ ಪುಲ್ ರಿಕ್ವೆಸ್ಟಿನಲ್ಲಿ, ಫೈಲಿನಲ್ಲಿ ರೈಟ್ ಎಂದಿದ್ದರೂ ಟೋಕನ್ ಓದಲಷ್ಟೇ ಬರುತ್ತದೆ, ಸೀಕ್ರೆಟ್‌ಗಳೂ (ರೆಪೊದ ಸೆಟ್ಟಿಂಗಿನಲ್ಲಿಟ್ಟ ಗುಪ್ತ ಕೀಲಿಗಳು) ಸಿಗುವುದಿಲ್ಲ. ಅವಲಂಬನೆಗಳನ್ನು ನವೀಕರಿಸುವ ಗಿಟ್‌ಹಬ್‌ನ ಡಿಪೆಂಡಬಾಟ್ ತೆರೆದವುಗಳಿಗೂ 2021ರಿಂದ ಡಿಫಾಲ್ಟಾಗಿ ಓದುವ ಟೋಕನ್ನೇ ಸಿಗುತ್ತದೆ, ಆಕ್ಷನ್ಸ್ ಸೀಕ್ರೆಟ್‌ಗಳು ಸಿಗುವುದಿಲ್ಲ; ಆದರೆ ಅಲ್ಲಿ ಪರ್ಮಿಷನ್ಸ್ ಸಾಲುಗಳಿಂದ ಟೋಕನ್‌ಗೆ ರೈಟ್ ಕೊಡಬಹುದು. ಪರೀಕ್ಷೆಯ ಫಲಿತಾಂಶವನ್ನು ಕಾಮೆಂಟಾಗಿ ಹಾಕುವ ಆಕ್ಷನ್ ಬರೆದವರ ಸ್ವಂತ ಬ್ರಾಂಚಿನಲ್ಲಿ ಚೆನ್ನಾಗಿ ಓಡಿ, ಹೊರಗಿನವರು ಕೊಡುಗೆ ಕೊಟ್ಟಾಗ ಬೀಳುವುದು ಇದರಿಂದಲೇ.

ಇದಕ್ಕೆ ಪರಿಹಾರವೆಂದು ಬಹಳ ರೀಡ್‌ಮಿಗಳು ಪುಲ್_ರಿಕ್ವೆಸ್ಟ್_ಟಾರ್ಗೆಟ್ ಎಂಬ ಇನ್ನೊಂದು ಟ್ರಿಗರ್ (ವರ್ಕ್‌ಫ್ಲೋವನ್ನು ಎಬ್ಬಿಸುವ ಘಟನೆ) ಬಳಸಲು ಹೇಳುತ್ತವೆ. ಅದು ಮೂಲ ರೆಪೊದ ಅಧಿಕಾರದಲ್ಲಿ ಓಡುತ್ತದೆ, ರೈಟ್ ಟೋಕನ್ ಮತ್ತು ಸೀಕ್ರೆಟ್‌ಗಳ ಸಮೇತ. ಅದರೊಳಗೆ ಫೋರ್ಕ್‌ನ ಕೋಡನ್ನು ಚೆಕ್‌ಔಟ್ ಮಾಡಿ ಎನ್‌ಪಿಎಂ ಇನ್‌ಸ್ಟಾಲ್ ಓಡಿಸಿದರೆ ಅಪರಿಚಿತರ ಕೋಡಿಗೆ ಮನೆಯ ಕೀಲಿ ಕೊಟ್ಟಂತೆ. ಲೇಬಲ್ ಅಂಟಿಸುವಂಥ, ಕೋಡನ್ನು ಓಡಿಸದ ಕೆಲಸಕ್ಕೆ ಆ ಟ್ರಿಗರ್ ಸರಿ. ನಿಮ್ಮ ಉದಾಹರಣೆ ಅದನ್ನು ಬಳಸಿದ್ದರೆ ‘ಈ ಜಾಬ್‌ನಲ್ಲಿ ಪುಲ್ ರಿಕ್ವೆಸ್ಟಿನ ಕೋಡ್ ಚೆಕ್‌ಔಟ್ ಮಾಡಬೇಡಿ’ ಎಂಬ ಸಾಲು ಆ ಟ್ರಿಗರಿನ ಪಕ್ಕದಲ್ಲೇ ಟಿಪ್ಪಣಿಯಾಗಿ ಇರಲೇಬೇಕು.

ಕೋಡ್ ಓಡಿಸಿ ಆಮೇಲೆ ಕಾಮೆಂಟ್ ಹಾಕಬೇಕಾದಲ್ಲಿ ಎರಡು ವರ್ಕ್‌ಫ್ಲೋ ಕೊಡಿ. ಮೊದಲನೆಯದು ಮಾಮೂಲಿ ಪುಲ್ ರಿಕ್ವೆಸ್ಟ್ ಟ್ರಿಗರಿನಲ್ಲಿ ಕಂಟೆಂಟ್ಸ್: ರೀಡ್ ಮಾತ್ರ ಇಟ್ಟುಕೊಂಡು ಪರೀಕ್ಷೆ ಓಡಿಸಿ ಫಲಿತಾಂಶವನ್ನು ಆರ್ಟಿಫ್ಯಾಕ್ಟ್ ಮಾಡುತ್ತದೆ. ಎರಡನೆಯದು ವರ್ಕ್‌ಫ್ಲೋ_ರನ್ ಟ್ರಿಗರಿನಲ್ಲಿ ಆಕ್ಷನ್ಸ್: ರೀಡ್ ಮತ್ತು ಪುಲ್-ರಿಕ್ವೆಸ್ಟ್ಸ್: ರೈಟ್ ಇಟ್ಟುಕೊಂಡು ಅದನ್ನು ಇಳಿಸಿ ಕಾಮೆಂಟ್ ಹಾಕುತ್ತದೆ. ಆ ಆರ್ಟಿಫ್ಯಾಕ್ಟನ್ನು ಸಿದ್ಧಪಡಿಸಿದ್ದು ಅಪರಿಚಿತರ ಕೋಡ್ ಎಂಬುದು ನೆನಪಿರಲಿ. ಅದರೊಳಗಿನ ಪುಲ್ ರಿಕ್ವೆಸ್ಟ್ ಸಂಖ್ಯೆ ಬರಿಯ ಅಂಕಿಯೇ ಎಂದು ಪರೀಕ್ಷಿಸಿಯೇ ಬಳಸಬೇಕು.

2025ರ ಮಾರ್ಚ್‌ನಲ್ಲಿ ಟಿಜೆ-ಆಕ್ಷನ್ಸ್‌ನ ಚೇಂಜ್ಡ್-ಫೈಲ್ಸ್ ಆಕ್ಷನ್‌ನ ಹಳೆಯ ಟ್ಯಾಗ್‌ಗಳನ್ನೆಲ್ಲ ದುಷ್ಟ ಕಮಿಟ್ ಒಂದಕ್ಕೆ ತಿರುಗಿಸಲಾಯಿತು. 23,000ಕ್ಕೂ ಹೆಚ್ಚು ರೆಪೊಗಳು ಬಳಸುತ್ತಿದ್ದ ಆಕ್ಷನ್ ಅದು. ರನ್ನರಿನ ಮೆಮೊರಿಯಿಂದ ಸೀಕ್ರೆಟ್‌ಗಳನ್ನು ಎತ್ತಿ ಲಾಗ್‌ನಲ್ಲಿ ಅಚ್ಚು ಮಾಡಿತು. ಭದ್ರತಾ ಲೋಪಗಳ ಪಟ್ಟಿಯಲ್ಲಿ ಸಿವಿಇ-2025-30066 ಎಂದು ಅದು ದಾಖಲಾಗಿದೆ. ಅನುಮತಿ ಕಡಿಮೆಯಿದ್ದವರಿಗೆ ಟೋಕನ್ ಮಟ್ಟಿನ ಹಾನಿ ಕಡಿಮೆ, ಆದರೆ ಜಾಬ್‌ಗೆ ಕೊಟ್ಟ ಬೇರೆ ಸೀಕ್ರೆಟ್‌ಗಳನ್ನು ಅನುಮತಿಯ ಸಾಲು ಕಾಯುವುದಿಲ್ಲ. ಅದಕ್ಕೆ ರೀಡ್‌ಮಿಯ ಉದಾಹರಣೆಗಳಲ್ಲಿ ಮೂರನೆಯವರ ಆಕ್ಷನ್‌ಗಳನ್ನು ಟ್ಯಾಗ್ ಬದಲು 40 ಅಕ್ಷರಗಳ ಪೂರ್ತಿ ಕಮಿಟ್ ಹ್ಯಾಶ್‌ನಿಂದ ಹೆಸರಿಸಿ, ಪಕ್ಕದ ಟಿಪ್ಪಣಿಯಲ್ಲಿ ಆವೃತ್ತಿ ಬರೆಯಿರಿ.

ಮರುಬಳಕೆಯ ವರ್ಕ್‌ಫ್ಲೋ, ಆವೃತ್ತಿ, ಪರೀಕ್ಷೆ

ಮರುಬಳಕೆಯ ವರ್ಕ್‌ಫ್ಲೋಗಳಲ್ಲಿ ಪರ್ಮಿಷನ್ಸ್ ಬರೆಯಬಹುದು, ಆದರೆ ಅದು ಕರೆದವರು ಕೊಟ್ಟದ್ದನ್ನು ಇಳಿಸಬಲ್ಲದು, ಏರಿಸಲಾರದು. ಕರೆದವರು ಕಡಿಮೆ ಕೊಟ್ಟಿದ್ದರೆ ಒಂದು ಜಾಬ್ ಕೂಡ ಶುರುವಾಗದೆ ಇಡೀ ರನ್ ನಿಲ್ಲುತ್ತದೆ. ಆದ್ದರಿಂದ ಅಂಥ ಫೈಲಿನ ತಲೆಯಲ್ಲಿ ‘ಕರೆಯುವವರು ಇಷ್ಟು ಕೊಡಬೇಕು’ ಎಂದು ಬರೆದು, ರೀಡ್‌ಮಿಯಲ್ಲಿ ಕರೆಯುವ ಕಡೆಯ ಉದಾಹರಣೆಯನ್ನೂ ಕೊಡಿ. ಒಳಗಿನ ಎಲ್ಲ ಜಾಬ್‌ಗಳು ಕೇಳುವುದನ್ನು ಕೂಡಿಸಿದಾಗ ಬರುವ ಮೊತ್ತವೇ ಕರೆಯುವವರು ಕೊಡಬೇಕಾದದ್ದು.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಆಕ್ಷನ್‌ನ ಹೊಸ ಆವೃತ್ತಿಗೆ ಒಂದು ಅನುಮತಿ ಹೆಚ್ಚು ಬೇಕಾದರೆ ಅದು ಮೇಜರ್ ಆವೃತ್ತಿಯೇ ಆಗಬೇಕು ಎಂದು ನಾನು ವಾದಿಸುತ್ತೇನೆ. ಇನ್‌ಪುಟ್ ಹೆಸರು ಬದಲಾದಾಗ ಎಷ್ಟು ವರ್ಕ್‌ಫ್ಲೋಗಳು ಬೀಳುತ್ತವೋ ಅಷ್ಟೇ ಇಲ್ಲೂ ಬೀಳುತ್ತವೆ. ಅನುಮತಿ ಕಡಿಮೆಯಾದರೆ ಯಾವುದೂ ಬೀಳುವುದಿಲ್ಲ, ಆದರೆ ರಿಲೀಸ್ ಟಿಪ್ಪಣಿಯ ಮೊದಲ ಸಾಲಿನಲ್ಲೇ ಅದನ್ನು ಹೇಳಬೇಕು. ಹೇಳದಿದ್ದರೆ ಹಳಬರ ಫೈಲುಗಳಲ್ಲಿ ಆ ರೈಟ್ ಹಾಗೇ ಉಳಿಯುತ್ತದೆ.

ಬರೆದದ್ದು ನಿಜವಾಗಿ ಉಳಿಯಲು ರೀಡ್‌ಮಿಯ ಉದಾಹರಣೆಯನ್ನು ಪ್ರತ್ಯೇಕ ಯಾಮಲ್ ಫೈಲಾಗಿಯೂ ಇಟ್ಟು ಪ್ರತಿ ಬದಲಾವಣೆಗೂ ಓಡಿಸಿ, ಎರಡೂ ಒಂದೇ ಇವೆಯೇ ಎಂದು ಹೋಲಿಸುವ ಒಂದು ಸ್ಟೆಪ್ ಸೇರಿಸಿ. ಅನುಮತಿಯ ಹೆಸರು ತಪ್ಪಿದ್ದರೆ ಆಕ್ಷನ್‌ಲಿಂಟ್ ಎಂಬ ತಪಾಸಣೆಯ ಉಪಕರಣ ಹಿಡಿಯುತ್ತದೆ. ಅತಿಯಾದ ಅನುಮತಿ, ಉಳಿದುಹೋದ ಟೋಕನ್, ಅಪಾಯದ ಟ್ರಿಗರ್ ಇವುಗಳನ್ನು ಜಿಜ್ಮಾರ್ ಎಂಬ ಇನ್ನೊಂದು ಉಪಕರಣ ತೋರಿಸುತ್ತದೆ. ಓಪನ್‌ಎಸ್‌ಎಸ್‌ಎಫ್ ಸ್ಕೋರ್‌ಕಾರ್ಡ್‌ನಲ್ಲಿ ಟೋಕನ್-ಪರ್ಮಿಷನ್ಸ್ ಎಂದೇ ಒಂದು ತಪಾಸಣೆಯಿದೆ. ಇವು ಮೂರೂ ಯಾಮಲ್ ಫೈಲುಗಳನ್ನು ನೋಡುತ್ತವೆಯೇ ಹೊರತು ರೀಡ್‌ಮಿಯೊಳಗಿನ ಕೋಡ್ ಚೌಕಗಳನ್ನು ನೋಡುವುದಿಲ್ಲ. ಆ ಪ್ರತ್ಯೇಕ ಫೈಲನ್ನು ವರ್ಕ್‌ಫ್ಲೋಸ್ ಫೋಲ್ಡರಿನಲ್ಲೇ ಇಟ್ಟರೆ ಈ ತಪಾಸಣೆಗಳೂ ಅದನ್ನು ತಲುಪುತ್ತವೆ.